ಹಾಲಿನ ಡಬ್ಬಿಯ ಶಿರಸ್ತ್ರಾಣ

ನನ್ನ ಯಜಮಾನರು ತೊಮೊಜಿ ತೀರಿಕೊಂಡ ನಲವತ್ತೊಂಬತ್ತನೆಯ ದಿನದ ಪಠಣ ಮುಗಿಸಿ, ಅಸ್ಥಿಯನ್ನು ಸಮಾಧಿಯಲ್ಲಿಟ್ಟು ಬಂದ ಮರುದಿನ ಬೆಳಿಗ್ಗೆ ಹಾಯಾಸೆ ಮೇಷ್ಟ್ರು ಮನೆಗೆ ಬಂದರು. ಶಾಲೆಯಲ್ಲಿ ಮರಗೆಲಸ ಕಲಿಸಿ ನಿವೃತ್ತರಾದವರು. ಈಗ ಊರಿನ ಸಮುದಾಯ ಭವನದಲ್ಲಿ ರಟ್ಟಿನಿಂದ ಯುದ್ಧಕವಚ ಮಾಡುವುದನ್ನು ಕಲಿಸುತ್ತಾರೆ. ಮನೆಯ ಪೀಠದ ಬುದ್ಧನ ಮುಂದೆ, ನಮ್ಮ ಪಂಥದ ರೂಢಿಯಂತೆ ಊದುಬತ್ತಿಯನ್ನು ಎರಡಾಗಿ ಮುರಿದು ಮಲಗಿಸಿ, ಕೈಮುಗಿದು ಕುಳಿತರು. ಚಹಾ ಕುಡಿದರು. ಆಮೇಲೆ ಚೀಲದಿಂದ ಒಂದು ಹಾಳೆ ತೆಗೆದರು. ನವೆಂಬರ್ ಮೂರರಂದು ಕೋಟೆಯಿಂದ ಹೊರಡುವ ಮೆರವಣಿಗೆಯಲ್ಲಿ ಕವಚ ತೊಟ್ಟು ನಡೆಯುವವರ ಹೆಸರುಗಳು ಅದರಲ್ಲಿದ್ದವು.

"ಅಮ್ಮಾ, ಹದಿನೇಳನೇ ಹೆಸರು ಯಜಮಾನರದ್ದು. ಹೊಡೆದು ಹಾಕ್ಲಾ, ಬೇಡ್ವಾ? ಫೋನಲ್ಲಿ ಕೇಳೋ ಮಾತಲ್ಲ ಅಂತ ಬಂದೆ."

"ಹೊಡೀಬೇಡಿ," ಎಂದೆ.

"ಶಿರಸ್ತ್ರಾಣ ಆಗಿಲ್ಲವಲ್ಲ."

"ನಾನು ಮಾಡ್ತೀನಿ."

ಮೇಷ್ಟ್ರು ನನ್ನ ಕೈಗಳನ್ನು ನೋಡಿದರು. ಎಪ್ಪತ್ತಮೂರು ವರ್ಷದ ಕೈಗಳು. ಕತ್ತರಿ ಹಿಡಿದರೆ ಹೆಬ್ಬೆರಳು ನೋಯುತ್ತದೆ. ಅದನ್ನು ಅವರಿಗೆ ಹೇಳಲಿಲ್ಲ.

ನಮ್ಮೂರಿನ ಮೆರವಣಿಗೆಗೆ ಒಂದು ಕಟ್ಟಳೆ ಇದೆ. ತಾನೋ ಮನೆಯವರೋ ಕೈಯಾರೆ ಮಾಡಿದ ಕವಚ ತೊಟ್ಟವರು ಮಾತ್ರ ಸಾಲಿನಲ್ಲಿ ನಡೆಯಬಹುದು. ತಲೆಯ ಮೇಲೆ ಶಿರಸ್ತ್ರಾಣ ಇಲ್ಲದವರು ಹಿಂದೆ ನಗಾರಿಯ ಬಂಡಿ ತಳ್ಳಬೇಕು. ತೊಮೊಜಿ ಎರಡು ವರ್ಷ ಬಂಡಿ ತಳ್ಳಿದ್ದರು. ಎರಡು ಚಳಿಗಾಲ ಕುಳಿತು ಎದೆಕವಚ, ತೋಳು, ಮೊಣಕಾಲಿನ ಕಾಪು ಎಲ್ಲ ಮಾಡಿದ್ದರು. ಶಿರಸ್ತ್ರಾಣ ಕಷ್ಟದ್ದೆಂದು ಕೊನೆಗೆ ಉಳಿಸಿಕೊಂಡಿದ್ದರು. ಅದಕ್ಕೆ ಬೇಕಾದ, ಹಾಲು ತುಂಬಿ ಬರುವ ರಟ್ಟಿನ ಡಬ್ಬಿಗಳನ್ನು ತೊಳೆದು, ಬಿಚ್ಚಿ, ಒಣಗಿಸಿ, ದಾರ ಕಟ್ಟಿ ಬೀರುವಿನ ಹಿಂದೆ ಇಟ್ಟಿದ್ದರು. ನಲವತ್ತು ಡಬ್ಬಿ.

ಅವನ್ನು ಎಸೆದವಳು ನಾನು.

ಅದು ಯಾತಕ್ಕೆಂದು ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ. ಚೆನ್ನಾಗಿ ಗೊತ್ತಿತ್ತು. ಜುಲೈ ತಿಂಗಳ ಒಂದು ಸೋಮವಾರ ಅವರನ್ನು ಆಸ್ಪತ್ರೆಗೆ ಸೇರಿಸಿದೆವು. ಹೊಟ್ಟೆನೋವನ್ನು ಅವರು ಐದು ತಿಂಗಳು ನನ್ನಿಂದ ಮುಚ್ಚಿಟ್ಟಿದ್ದರೆಂದು ವೈದ್ಯರ ಬಾಯಿಂದ ಕೇಳಿದೆ. ಮನೆಗೆ ಬಂದು ಸಿಟ್ಟಿನಲ್ಲಿ ಗುಡಿಸಿದೆ, ಒರೆಸಿದೆ. ಬೀರುವಿನ ಹಿಂದಿನಿಂದ ಹುಳಿ ಹಾಲಿನ ವಾಸನೆ ಬರುತ್ತಿತ್ತು. ಬುಧವಾರ ಬೀದಿಯಲ್ಲಿ ಹಳೆಯ ಕಾಗದ, ಹಾಲಿನ ಡಬ್ಬಿ ಒಯ್ಯುವ ದಿನ. ಕಟ್ಟನ್ನು ಎತ್ತಿಕೊಂಡು ಹೋಗಿ ಸಾಲಿನಲ್ಲಿಟ್ಟು ಬಂದೆ.

ಮರುವಾರ ಹಾಸಿಗೆಯ ಮೇಲಿಂದ ಅವರು ಕೇಳಿದರು. "ಕಿನುಯೊ, ಬೀರು ಹಿಂದಿನ ರಟ್ಟು ಇದೆ ಅಲ್ವಾ? ತೇವ ತಗುಲಿದ್ರೆ ಕೆಟ್ಟುಹೋಗತ್ತೆ."

"ಇದೆ ರೀ. ಹಾಗೇ ಇದೆ," ಎಂದೆ.

ಅವರಿಗೆ ಸಮಾಧಾನವಾಯಿತು. ಅಂದಿನಿಂದ ದಿನವೂ, ಮಾತು ನಿಲ್ಲುವವರೆಗೂ, ಇಲ್ಲದ ರಟ್ಟನ್ನು ಹೇಗೆ ಕತ್ತರಿಸಬೇಕೆಂದು ಹೊದಿಕೆಯ ಮೇಲೆ ಬೆರಳಿನಿಂದ ಗೆರೆ ಎಳೆದು ಹೇಳಿಕೊಟ್ಟರು. ನಾನು ಹೂಂಗುಟ್ಟಿದೆ. ಐವತ್ತು ವರ್ಷ ಬೆಳಿಗ್ಗೆ ಸಂಜೆ ಅಮಿದ ಬುದ್ಧನ ನಾಮ ಹೇಳಿದ ಬಾಯಿ ಇದು.

ಗುರುವಾರ ಸಮುದಾಯ ಭವನಕ್ಕೆ ಹೋದೆ. ಅಲ್ಲಿ ಏಳೆಂಟು ಜನ ಕೆಲಸ ಮಾಡುತ್ತಿದ್ದರು. ತೋಫು ಅಂಗಡಿಯ ಮಿತ್ಸುಎ ನನ್ನ ಪಕ್ಕದಲ್ಲೇ ಕೂತಳು. ನನಗಿಂತ ಆರು ವರ್ಷ ಚಿಕ್ಕವಳು. ಕಳೆದ ವರ್ಷವೇ ಕೆಂಪು ಕವಚ ತೊಟ್ಟು ಮೆರೆದಿದ್ದಳು.

ಮೇಷ್ಟ್ರು ಮೇಜಿನ ಮೇಲೆ ಮೂರು ಶಿರಸ್ತ್ರಾಣ ತಂದಿಟ್ಟರು. "ಮೊದಲನೇ ಸಲ ಮಾಡೋರಿಗೆ ಮೂರು ದಾರಿ ಇವೆ. ಇದು ಸ್ಟೀಲ್ ಬೋಗುಣಿ ಮೇಲೆ ಕಾಗದ ಅಂಟಿಸಿದ್ದು. ಗುಂಡಗೆ ತಾನಾಗೇ ಬರತ್ತೆ. ಆದ್ರೆ ಭಾರ, ಮಧ್ಯಾಹ್ನದ ಹೊತ್ತಿಗೆ ಕತ್ತು ಬಿದ್ದೋಗತ್ತೆ. ಇದು ಬಲೂನಿನ ಮೇಲೆ ಕಾಗದ ಅಂಟಿಸಿ, ಒಣಗಿದ ಮೇಲೆ ಬಲೂನು ಒಡೆದದ್ದು. ಹಗುರ. ಮಳೆ ಬಂದ್ರೆ ಮೆತ್ತಗಾಗತ್ತೆ."

"ನಮ್ಮ ಯಜಮಾನರ ತಲೆ ಹಾಗೆ," ಎಂದಳು ಮಿತ್ಸುಎ. "ಒಳಗೆ ಬರೀ ಗಾಳಿ."

"ನೀನು ಸುಮ್ನಿರಮ್ಮ. ಇನ್ನು ಇದು ಪಟ್ಟಿಯದ್ದು. ಮೂವತ್ತೆರಡು ಪಟ್ಟಿ, ಒಂದೊಂದೂ ಮೂರು ಪದರ. ನಿಜವಾದ ಕಬ್ಬಿಣದ್ದು ಹೇಗಿತ್ತೋ ಹಾಗೇ ಕಾಣತ್ತೆ. ಇದನ್ನ ಮೊದಲನೇ ಸಲದವರಿಗೆ ನಾನು ಹೇಳೋದೇ ಇಲ್ಲ. ಬೋಗುಣಿ ತಗೊಳ್ಳಿ ಅಮ್ಮಾ, ಸುಲಭ."

"ಪಟ್ಟಿಯದ್ದೇ ಮಾಡ್ತೀನಿ. ಹಾಲಿನ ಡಬ್ಬೀದು."

"ಐದು ವಾರ ಇದೆ ಅಷ್ಟೇ."

"ಆಗ್ಲಿ."

"ತಲೆ ಅಳತೆ?"

ನಾನು ಚೀಲದಿಂದ ತೊಮೊಜಿಯ ಟೊಪ್ಪಿ ತೆಗೆದು ಒಳಸುತ್ತನ್ನು ಅಳೆದೆ. ಐವತ್ತೊಂಬತ್ತು ಸೆಂಟಿಮೀಟರ್. ಮೇಷ್ಟ್ರು ಏನೋ ಹೇಳಲು ಹೋಗಿ, ಬರೆದುಕೊಂಡರು. ಮಿತ್ಸುಎ ಮಾತ್ರ ಕೇಳಿಯೇ ಬಿಟ್ಟಳು. "ಅಕ್ಕ, ಹಾಕ್ಕೊಳ್ಳೋರು ಯಾರು?"

ಟೊಪ್ಪಿಯನ್ನು ಮಡಿಚಿ ಚೀಲಕ್ಕೆ ಹಾಕಿದೆ. ಕವಚ ನಡೆಯಬೇಕು, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಅದರೊಳಗೆ ಯಾರಿರಬೇಕೆಂದು ಯೋಚಿಸಿರಲಿಲ್ಲ.

ಮೂವತ್ತು ಡಬ್ಬಿ ಬೇಕಿತ್ತು. ಬೇರೆಯವರನ್ನು ಕೇಳಲು ಮನಸ್ಸು ಒಪ್ಪಲಿಲ್ಲ. ಎಸೆದವಳು ನಾನು, ಕುಡಿದು ತುಂಬಿಸಬೇಕಾದವಳೂ ನಾನೇ ಎಂದುಕೊಂಡೆ. ಹಾಲು ನನಗೆ ಆಗುವುದಿಲ್ಲ. ಆದರೂ ಬೆಳಿಗ್ಗೆ ಎರಡು ಲೋಟ, ಮಧ್ಯಾಹ್ನ ಎರಡು, ಸಂಜೆ ಒಂದು ಲೋಟ ಕುಡಿದೆ. ಒಂಬತ್ತನೆಯ ಡಬ್ಬಿ ಮುಗಿಯುವ ಹೊತ್ತಿಗೆ ಗೋಡೆ ಹಿಡಿದು ನಡೆಯುವಂತಾಯಿತು. ಒಂದು ಭಾನುವಾರ ತರಗತಿಗೆ ಹೋಗಲಾಗಲಿಲ್ಲ. ಮಿತ್ಸುಎ ಮನೆಗೆ ಬಂದಳು. ಬಚ್ಚಲಲ್ಲಿ ಒಣಹಾಕಿದ ಡಬ್ಬಿಗಳನ್ನೂ ನನ್ನ ಮುಖವನ್ನೂ ನೋಡಿದಳು.

"ಏನಕ್ಕ ಇದು? ಕರು ಆಗೋಕೆ ಹೊರಟಿದ್ದೀಯಾ?"

"ಡಬ್ಬಿ ಬೇಕಲ್ಲ."

"ಡಬ್ಬಿ ಬೇಕಂದ್ರೆ ಕೇಳೋಕೆ ಬಾಯಿಲ್ವಾ? ನಮ್ಮ ಬೀದೀಲಿ ಹಾಲು ಕುಡಿಯೋ ಮಕ್ಕಳಿಲ್ವಾ?" ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು. "ಇದು ಶಿರಸ್ತ್ರಾಣ ಮಾಡೋದಲ್ಲ, ಶಿಕ್ಷೆ ಅನುಭವಿಸೋದು. ಯಾವ ತಪ್ಪಿಗೆ ಅಂತ ನಾನು ಕೇಳಲ್ಲ. ಆದ್ರೆ ದೇಗುಲದಲ್ಲಿ ಮುಂದಿನ ಸಾಲಲ್ಲಿ ಕೂತು ತಲೆ ಆಡಿಸ್ತೀಯಲ್ಲ, ನಮ್ಮ ಗುರುಗಳು ಏನು ಹೇಳ್ತಾರೆ? ನಿನ್ನ ಕೈಲಾದ ಪುಣ್ಯದಿಂದ ನೀನು ದಡ ಸೇರಲ್ಲ ಅಂತ ತಾನೇ? ಹೊಟ್ಟೆ ಕೆಡಿಸ್ಕೊಂಡ್ರೆ ಅಮಿದ ಬುದ್ಧ ಮೆಚ್ತಾನಾ?"

ಮರುದಿನ ಬಾಗಿಲ ಮುಂದೆ ಇಪ್ಪತ್ತೆಂಟು ಡಬ್ಬಿಗಳ ಕಟ್ಟು ಇತ್ತು. ಒಂದರ ಮೇಲೆ ಯಾವುದೋ ಮಗು ಆನೆಯ ಚಿತ್ರ ಬರೆದಿತ್ತು. ತೆಗೆದುಕೊಂಡೆ. ಮನಸ್ಸು ಹಗುರವಾಗಲಿಲ್ಲ, ಕೆಲಸ ಮಾತ್ರ ಸಾಗಿತು.

ರಟ್ಟಿಗೆ ನಾರು ಇರುತ್ತದೆ. ಒಂದು ದಿಕ್ಕಿಗೆ ಸಲೀಸಾಗಿ ಬಾಗುತ್ತದೆ, ಇನ್ನೊಂದು ದಿಕ್ಕಿಗೆ ಬಾಗಿಸಿದರೆ ಮುರಿಯುತ್ತದೆ. ಪಟ್ಟಿ ಕತ್ತರಿಸುವ ಮೊದಲು ಎರಡು ಕಡೆಗೂ ಮೆಲ್ಲಗೆ ಬಾಗಿಸಿ ನೋಡಬೇಕು. ನಾನು ಹಾಗೆ ಮಾಡುತ್ತಿದ್ದುದನ್ನು ಕಂಡು ಮೇಷ್ಟ್ರು ಬೆರಗಾದರು. "ಇದನ್ನ ನಾನಿನ್ನೂ ಹೇಳ್ಕೊಟ್ಟಿಲ್ಲವಲ್ಲ! ಯಾರು ಕಲಿಸಿದ್ರು?"

"ಇವರು," ಎಂದೆ. ಹೊದಿಕೆಯ ಮೇಲೆ ಎಳೆದ ಗೆರೆಗಳು ಒಂದೂ ಮರೆತಿರಲಿಲ್ಲ.

ಪಟ್ಟಿಗಳನ್ನು ಮರದ ಅಂಟಿನಿಂದ ಪದರ ಹಾಕಿ, ಬಟ್ಟೆ ಒಣಗಿಸುವ ಕ್ಲಿಪ್ಪು ಸಿಕ್ಕಿಸಿ ಎರಡು ದಿನ ಒಣಗಿಸಿದೆ. ಒಂದರ ಅಂಚಿನ ಮೇಲೆ ಇನ್ನೊಂದನ್ನು ಕೂರಿಸುತ್ತ ಸುತ್ತು ಮುಗಿಸಿದಾಗ ಬುಟ್ಟಿ ಮಗುಚಿದಂತಿದ್ದದ್ದು, ಕಪ್ಪು ಬಣ್ಣ ಮೂರು ಸಲ ಬಳಿದ ಮೇಲೆ ಕಬ್ಬಿಣವೇ ಆಯಿತು. ಕತ್ತಿನ ಕಾಪಿಗೆ ಐದು ಸಾಲು ಹಲಗೆ. ಅವನ್ನು ಒಂದಕ್ಕೊಂದು ತೂಗಬಿಟ್ಟು ಕಟ್ಟಲು ತೊಮೊಜಿ ಕೊಂಡಿಟ್ಟಿದ್ದ ನೀಲಿ ಶೂ ಲೇಸುಗಳಿದ್ದವು. ಆ ಗಂಟುಗಳನ್ನು ಮನೆಯಲ್ಲಿ ಒಬ್ಬಳೇ ಕುಳಿತು, ನಾಮ ಹೇಳುತ್ತ ಹಾಕಿದೆ. ಒಟ್ಟು ಅರವತ್ತು ಗಂಟು.

ಮೆರವಣಿಗೆಗೆ ನಾಲ್ಕು ದಿನ ಇರುವಾಗ ಎಲ್ಲರೂ ಕವಚ ತೊಟ್ಟು ನೋಡುವ ದಿನ ಬಂತು. ನನ್ನ ಶಿರಸ್ತ್ರಾಣವನ್ನು ಮೇಜಿನ ಮೇಲಿಟ್ಟಾಗ ಎಲ್ಲರೂ ಹೊಗಳಿದರು. ಮಿತ್ಸುಎ ಅದನ್ನು ಎತ್ತಿ ತಿರುಗಿಸಿ ನೋಡಿದಳು. ನಗುತ್ತಿದ್ದವಳು ನಗು ನಿಲ್ಲಿಸಿದಳು. ಮೇಷ್ಟ್ರತ್ತ ನೋಡಿದಳು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ನೋಡಿ, ಕೆಳಗಿಟ್ಟರು.

"ಏನಾಯ್ತು?" ಎಂದೆ.

"ಅಕ್ಕ," ಅವಳ ದನಿ ತಗ್ಗಿತ್ತು. "ಗಂಟು ನೋಡು."

ನೋಡಿದೆ. ನಾವು ಬದುಕಿರುವವರ ಬಟ್ಟೆಗೆ ಹಾಕುವ ಗಂಟು ಅಡ್ಡ ಮಲಗುತ್ತದೆ. ಇವು ಒಂದು ತುದಿ ಮೇಲೆ, ಒಂದು ತುದಿ ಕೆಳಗೆ, ನೆಟ್ಟಗೆ ನಿಂತಿದ್ದವು. ಹೆಣಕ್ಕೆ ಉಡಿಸುವಾಗ ಮಾತ್ರ ಹಾಕುವ ಗಂಟು. ಅರವತ್ತೂ ಹಾಗೆಯೇ.

ಆಗಸ್ಟ್ ತಿಂಗಳಲ್ಲಿ ಶವಪೆಟ್ಟಿಗೆಯವರ ಕಡೆಯ ಹುಡುಗಿ ನನಗೆ ಆ ಗಂಟು ಕಲಿಸಿದ್ದಳು. ತೊಮೊಜಿಯ ಬಿಳಿಯ ನಡುಕಟ್ಟನ್ನು ನಾನೇ ಕಟ್ಟುತ್ತೇನೆಂದು ಹಠ ಹಿಡಿದಿದ್ದೆ. ಮೂರು ಸಲ ನನ್ನ ಕೈ ಅಡ್ಡ ಗಂಟನ್ನೇ ಹಾಕಿತು. ಅವಳು ಮೂರು ಸಲವೂ ಬಿಚ್ಚಿ, "ಹಾಗಲ್ಲ ಅಜ್ಜಿ, ಹೀಗೆ" ಎಂದಳು. ನಾಲ್ಕನೆಯ ಸಲ ಸರಿಯಾಯಿತು. ಅಂದು ಕಲಿತದ್ದನ್ನು ಕೈ ಬಿಟ್ಟಿರಲಿಲ್ಲ.

"ನಮ್ಮ ಪಂಥದಲ್ಲಿ ಶಕುನ ಗಿಕುನ ಇಲ್ಲ," ಎಂದೆ.

"ಇಲ್ಲ ಅಂತ ನನಗೂ ಗೊತ್ತು. ಆದ್ರೆ ಇದನ್ನ ಹಾಕ್ಕೊಂಡು ನಡೆಯೋರು ಯಾರಕ್ಕ? ಅವತ್ತೂ ಕೇಳಿದೆ, ನೀನು ಹೇಳ್ಲಿಲ್ಲ."

"ನಾನೇ," ಎಂದು ಬಾಯಿಗೆ ಬಂತು. ಎತ್ತಿ ತಲೆಗಿಟ್ಟುಕೊಂಡೆ. ಅದು ಹುಬ್ಬು ದಾಟಿ ಮೂಗಿನವರೆಗೆ ಇಳಿಯಿತು. ಒಳಗೆ ಕತ್ತಲು, ಬಣ್ಣದ ವಾಸನೆ. ಯಾರೂ ನಗಲಿಲ್ಲ.

ಮೇಷ್ಟ್ರು ಮೆಲ್ಲಗೆ ಅದನ್ನು ತೆಗೆದರು. "ಅಮ್ಮಾ, ನಿಮ್ಮದು ಐವತ್ತನಾಲ್ಕು ಇರಬಹುದು. ಗಂಟು ಬಿಚ್ಚಿ ಹಾಕೋದು ಒಂದು ದಿನದ ಕೆಲಸ. ಗಾತ್ರಕ್ಕೆ ಎರಡು ಉಪಾಯ ಇದೆ. ಒಳಗೆ ಟವೆಲ್ ಮಡಿಚಿ ತುಂಬಿದ್ರೆ ನಿಲ್ಲತ್ತೆ, ಹೊರಗಿನವರಿಗೆ ಗೊತ್ತಾಗಲ್ಲ. ಇಲ್ಲಾ, ಹಿಂದೆ ಸೀಳಿ ಮೂರು ಪಟ್ಟಿ ತೆಗೆದು ಮತ್ತೆ ಅಂಟಿಸ್ಬೇಕು. ಇಷ್ಟು ಕಷ್ಟಪಟ್ಟು ಮಾಡಿದ್ದನ್ನ ಸೀಳೋದ್ಯಾಕೆ? ಟವೆಲ್ ಸಾಕು."

ಟವೆಲ್ ಸಾಕಾಗಿತ್ತು. ತೊಮೊಜಿಯ ತಲೆಯ ಗಾತ್ರ ಹಾಗೇ ಉಳಿಯುತ್ತಿತ್ತು. ಆದರೆ ಖಾಲಿ ಜಾಗಕ್ಕೆ ಏನೋ ತುಂಬಿ, ಇದೆ ಎನ್ನಿಸುವ ಕೆಲಸವನ್ನು ರಟ್ಟಿನ ವಿಷಯದಲ್ಲಿ ನಾನು ಜುಲೈಯಲ್ಲಿ ಒಮ್ಮೆ ಮಾಡಿದ್ದೆ.

"ಚಾಕು ಕೊಡಿ ಮೇಷ್ಟ್ರೇ," ಎಂದೆ.

ಸೀಳುವಾಗ ಸದ್ದು ಬಂತು. ಒಣಗಿದ ಅಂಟು ಬಿಡುವ ಸಣ್ಣ ಸದ್ದು. ನಡುವೆ ಒಮ್ಮೆ ಕೈ ನಿಂತಿತು. ಮಿತ್ಸುಎ ಶಿರಸ್ತ್ರಾಣವನ್ನು ಎರಡೂ ಕಡೆ ಒತ್ತಿ ಹಿಡಿದುಕೊಂಡಳು. ಮೂರು ಪಟ್ಟಿ ಹೊರಬಂದವು. ಹೊರಗೆ ಕಪ್ಪು, ಒಳಗೆ ಬಿಳುಪು. ಒಂದರ ಒಳಬದಿಯಲ್ಲಿ ಆನೆಯ ಸೊಂಡಿಲು ಕಾಣುತ್ತಿತ್ತು.

ಮನೆಗೆ ಬಂದು ಬುದ್ಧನ ಮುಂದೆ ಕುಳಿತೆ. ತೀರಿಹೋದವರು ಪೀಠದಲ್ಲಿ ಕೂತಿರುವುದಿಲ್ಲ, ಅಲ್ಲಿ ಅವರ ಜೊತೆ ಮಾತಾಡುವುದು ಭಕ್ತಿಯಲ್ಲ ಎಂದು ನಮ್ಮ ಗುರುಗಳು ಹೇಳುತ್ತಾರೆ. ನಾನೂ ಬಲ್ಲೆ. ಆದರೂ ಮೂರು ಪಟ್ಟಿಗಳನ್ನು ಮುಂದಿಟ್ಟು ಹೇಳಿದೆ.

"ರೀ, ಇದು ನಿಮ್ಮ ರಟ್ಟಲ್ಲ. ಬೀದಿಯವರು ಕೊಟ್ಟದ್ದು. ನಿಮ್ಮದನ್ನ ನಾನು ಎಸೆದೆ. ತಿಳಿದೂ ಎಸೆದೆ. ಇದೆ ಅಂತ ಸುಳ್ಳು ಹೇಳಿದೆ."

ಏನೂ ಆಗಲಿಲ್ಲ. ಊದುಬತ್ತಿಯ ಬೂದಿ ಉದುರಿತು. ಹೊರಗೆ ಯಾರದೋ ಸೈಕಲ್ ಹೋಯಿತು. ಕ್ಷಮೆ ಸಿಕ್ಕಿತೆಂದು ನಾನು ಬರೆಯಲಾರೆ. ಹೇಳಿದೆ ಎಂದಷ್ಟೇ ಬರೆಯಬಲ್ಲೆ. ನಾಮು ಅಮಿದ ಬುತ್ಸು ಎಂದು ನಾಮ ಹೇಳಿ ಎದ್ದೆ. ಆ ಮೂರು ಪಟ್ಟಿಗಳನ್ನು ಬೀರುವಿನ ಹಿಂದೆ, ಅವರ ಕಟ್ಟು ಇದ್ದ ಜಾಗದಲ್ಲಿ ಇಟ್ಟೆ.

ಅರವತ್ತು ಗಂಟುಗಳನ್ನು ಬಿಚ್ಚಿ ಹೊಸದಾಗಿ ಹಾಕಲು ಎರಡು ದಿನ ಹಿಡಿಯಿತು. ಒಂದೊಂದು ಗಂಟು ಹಾಕಿದ ಮೇಲೂ ಅಡ್ಡ ಮಲಗಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡುತ್ತಿದ್ದೆ. ಕೈಯನ್ನು ನಂಬಲು ಆಗುತ್ತಿರಲಿಲ್ಲ.

ನವೆಂಬರ್ ಮೂರರ ಬೆಳಿಗ್ಗೆ ಕೋಟೆಯ ಬಾಗಿಲಲ್ಲಿ ಮೇಷ್ಟ್ರು ಹೆಸರು ಕರೆದರು. ಹದಿನೇಳನೆಯ ಹೆಸರಿಗೆ ಒಂದು ಗೆರೆ ಎಳೆದು ಪಕ್ಕದಲ್ಲಿ ನನ್ನದನ್ನು ಬರೆದಿದ್ದರು. ಹಾಗೆ ಮಾಡಿ ಎಂದು ಹಿಂದಿನ ದಿನ ನಾನೇ ಹೋಗಿ ಹೇಳಿ ಬಂದಿದ್ದೆ.

"ಕಿನುಯೊ ಅಮ್ಮ!"

"ಇದ್ದೀನಿ," ಎಂದೆ.

ತೊಮೊಜಿಯ ಎದೆಕವಚ ನನಗೆ ದೊಡ್ಡದು, ಹೆಜ್ಜೆಗೊಮ್ಮೆ ತೊಡೆಗೆ ಬಡಿಯುತ್ತಿತ್ತು. ಶಿರಸ್ತ್ರಾಣ ಮಾತ್ರ ಸರಿಯಾಗಿ ಕೂತಿತ್ತು. ಅದರ ಅಂಚಿನ ಕೆಳಗೆ ದಾರಿ ಕಾಣುತ್ತಿತ್ತು. ಮುಂದೆ ಮಿತ್ಸುಎಯ ಕೆಂಪು ಬೆನ್ನು ಹೋಗುತ್ತಿತ್ತು. ಹಿಂದಿನಿಂದ, ತೊಮೊಜಿ ತಳ್ಳುತ್ತಿದ್ದ ನಗಾರಿಯ ಬಂಡಿ ಉರುಳುವ ಸದ್ದು ಕೇಳಿಸಿತು. ಯಾರು ತಳ್ಳುತ್ತಿದ್ದಾರೆಂದು ತಿರುಗಿ ನೋಡಬೇಕೆನಿಸಿತು. ಕತ್ತಿನ ಕಾಪು ಅಡ್ಡ ಬಂತು, ತಿರುಗಲಾಗಲಿಲ್ಲ.