ಎರಡನೆಯ ಕುಸ್ತಿ

ಹುನಗುಂದದ ಕುಸ್ತಿ ಕಣದಲ್ಲಿ ಮೊದಲ ಕಲ್ಲು ಬಿದ್ದದ್ದು ದುಂಡೇಶನ ಬೆನ್ನಿಗೆ, ಎರಡನೆಯದು ನವೀದನ ಹುಬ್ಬಿಗೆ. ಎಷ್ಟು ಹಿಡಿದಾಡಿದರೂ ಇಬ್ಬರಲ್ಲಿ ಒಬ್ಬನೂ ಚಿತ್ ಆಗದೆ, ಪಂಚರು ಸಮ ಎಂದು ಬಿಡಿಸಿದ್ದೇ ತಡ, ಮಂದಿ ರೊಚ್ಚಿಗೆದ್ದರು. ಇಬ್ಬರೂ ಇಳಕಲ್ಲಿನ ಒಂದೇ ಗರಡಿಯವರು, ಜೀವದ ಗೆಳೆಯರು; ಅನುಮಾನಕ್ಕೆ ಇನ್ನೇನು ಬೇಕು? ಕಮಿಟಿಯ ಅಮರೇಶ ಮೈಕಿನಲ್ಲಿ ಕಿರುಚಿದ: "ಇದು ಕೊಲ್ಯೂಷನ್! ಪಕ್ಕಾ ಕೊಲ್ಯೂಷನ್!" ಅದರ ಅರ್ಥ ಅಲ್ಲಿ ಯಾವ ಮಹಾನುಭಾವನಿಗೆ ಗೊತ್ತಿತ್ತೋ! ಆದರೂ ಚಪ್ಪಲಿಗಳ ಜೊತೆ ಅದೇ ಕೂಗು ಹಾರಿಬಂತು.

ಮನೆಯಲ್ಲಿ ದುಂಡೇಶನ ಹೆಂಡತಿ ಶೈಲಾ ಅವನ ಬೆನ್ನಿನ ಗಾಯಕ್ಕೆ ಅರಿಶಿನ ಹಚ್ಚಿದಳು. ಆಕೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ಕೊಲ್ಯೂಷನ್ ಅಂದರೆ ಏನೆಂದು ದುಂಡೇಶ ಕೇಳಿದ.

"ಇಬ್ಬರು ಗುಟ್ಟಾಗಿ ಕೂಡಿ, ಮಂದಿ ಮುಂದ ಬ್ಯಾರೇನೋ ತೋರಿಸಿ ಮೋಸ ಮಾಡೋದ್ರಿ. ಶಾಮೀಲಾಗೋದು ಅಂತೀವಲ್ಲ, ಅದು. ಒಬ್ಬಾಂವ ಮಾಡಿದ್ರ ಈ ಶಬ್ದ ಬಳಸಂಗಿಲ್ಲ. ಒಳ್ಳೇ ಕೆಲಸಕ್ಕ ಕೂಡಿದ್ರೂ ಬಳಸಂಗಿಲ್ಲ."

"ನಾವು ಖರೇನ ಆಡೇವಿ, ಶೈಲಾ. ಅಂವ ನನ್ನ ಪಕ್ಕೆಲುಬು ಮುರಿಯೋದೊಂದು ಬಾಕಿ ಇತ್ತು!"

ಕೇಳುವವರು ಯಾರು? ಮುಂದಿನ ರವಿವಾರ ಮತ್ತೆ ಆಡಬೇಕು. ಆಗಲೂ ಮೋಸ ಕಂಡರೆ ಆ ಗರಡಿಯ ಒಬ್ಬನೂ ಇನ್ನು ಕಣಕ್ಕೆ ಇಳಿಯುವಂತಿಲ್ಲ ಎಂದು ಕಮಿಟಿ ಹೇಳಿಬಿಟ್ಟಿತು. ಇಬ್ಬರನ್ನೂ ಪೈಲ್ವಾನರನ್ನಾಗಿ ಮಾಡಿದ ಮುದಿ ವಸ್ತಾದ ಬೀರಲಿಂಗಪ್ಪ ಅನ್ನ ಬಿಟ್ಟು ಕೂತ. ಆಯುಷ್ಯವನ್ನೆಲ್ಲ ಆ ಗರಡಿಗೇ ಸುರಿದ ಜೀವ ಅದು.

ರವಿವಾರ ಇಬ್ಬರೂ ಪ್ರಾಣಿಗಳ ಹಾಗೆ ಒಬ್ಬರ ಮೇಲೊಬ್ಬರು ಬಿದ್ದರು. ದುಂಡೇಶನ ಮೂಗು ಒಡೆಯಿತು. ನವೀದ ಹಲ್ಲೊಂದನ್ನು ರಕ್ತದ ಜೊತೆ ಉಗುಳಿದ. ಆದರೂ ಮಂದಿ "ನಾಟಕ, ನಾಟಕ" ಎಂದು ಸಿಳ್ಳೆ ಹೊಡೆದರು. ಕೊನೆಗೆ ದುಂಡೇಶ ನವೀದನನ್ನು ಬೋರಲು ಕೆಡವಿ, ಬಲಗೈಯನ್ನು ಬೆನ್ನ ಹಿಂದೆ ತಿರುವಿ ಹಿಡಿದ.

"ಮುರಿ," ಎಂದ ನವೀದ, ಮಣ್ಣಿನಲ್ಲಿ ಮುಖವಿಟ್ಟೇ.

"ಹುಚ್ಚಗಿಚ್ಚ ಹಿಡದೈತೇನಲೇ?"

"ಸುಮ್ನ ಚಿತ್ ಆದ್ರ ಬೇಕಂತ ಬಿದ್ದ ಅಂತಾರ. ವಸ್ತಾದ್ರು ಸಾಯ್ತಾರಲೇ. ಯಾರಿಗೂ ಹೇಳಬ್ಯಾಡ. ಮುರಿ!"

ಕಣದ ಅಂಚಿನಲ್ಲಿ ವಸ್ತಾದ ತಲೆ ತಗ್ಗಿಸಿ ಕೂತಿದ್ದ. ದುಂಡೇಶ ಕಣ್ಣು ಮುಚ್ಚಿ, ಮೈಯ ಭಾರವನ್ನೆಲ್ಲ ಹಾಕಿ ತಿರುವಿದ. ಒಣ ತೊಗರಿ ಕಟ್ಟಿಗೆ ಮುರಿದಂಥ ಸದ್ದಾಯಿತು. ಮೊಣಕೈಯಲ್ಲಿ ಎಲುಬು ಚರ್ಮ ಹರಿದು ಹೊರಬಂತು. ನವೀದನ ಚೀರಾಟಕ್ಕೆ ಇಡೀ ಕಣ ಎದ್ದು ಕುಣಿಯಿತು.

"ಕುಸ್ತಿ ಅಂದ್ರ ಇದು!" ಎಂದು ಕೂಗಿದ ಅಮರೇಶ. ಖರೇ ಆಡಿದ ದಿನ ಕಲ್ಲು ಹೊಡೆದ ಮಂದಿ, ಇಬ್ಬರೂ ಕೂಡಿ ಅವರ ಕಣ್ಣಿಗೆ ಮಣ್ಣೆರಚಿದ ದಿನ ಹೂವಿನ ಹಾರ ಹಾಕಿದರು. ಥೂ, ಅವರ ಬಾಳೇವಿಗಿಷ್ಟು ಬೆಂಕಿ ಹಾಕ! ವಸ್ತಾದ ಮಾತ್ರ ದುಂಡೇಶನನ್ನು ತಬ್ಬಿ ಗಳಗಳ ಅತ್ತ.

ನವನಗರದ ದವಾಖಾನೆಯಲ್ಲಿ ಡಾಕ್ಟರು, ಆ ಕೈ ಇನ್ನು ಭಾರ ಎತ್ತುವುದಿಲ್ಲ ಎಂದರು. ನವೀದನ ಹೆಂಡತಿ ಯಾಸ್ಮೀನ ಓಡಿ ಬಂದವಳೇ ದುಂಡೇಶನ ಕೆನ್ನೆಗೆ ಬಾರಿಸಿದಳು. ಮತ್ತೆ ಬಾರಿಸಿದಳು. ಅವನ ಒಡೆದ ಮೂಗಿನಿಂದ ರಕ್ತ ಇಳಿಯತೊಡಗಿತು.

"ಅಣ್ಣಾ ಅಂತಿದ್ನಲ್ಲೋ ನಾ ನಿನಗ! ಗೆಳ್ಯಾನ ಕೈ ಮುರಿಯಾಕ ಮನಸರ ಹೆಂಗ್ ಬಂತೋ? ಹೇಳು, ಯಾಕ ಮಾಡಿದಿ?"

ದುಂಡೇಶ ಮಂಚದ ಕಡೆ ನೋಡಿದ. ನವೀದ ನೋವಿನಲ್ಲೂ ಕಣ್ಣು ತೆರೆದು, ಬೇಡ ಎಂದು ತಲೆ ಅಲ್ಲಾಡಿಸಿದ.

"ನನಗ ಗೆಲ್ಲಬೇಕಾಗಿತ್ತವಾ, ತಂಗಿ," ಎಂದ ದುಂಡೇಶ.