ಹೂಳೆತ್ತುವ ತನಕ

ಚಾಮರಾಜಪೇಟೆಯ ಮುತ್ತುರಾಜನಿಗೆ ಮಾಡೆಲ್ ಮಾಡುವ ಕಸುಬು. ಬಿಲ್ಡರುಗಳಿಗೆ ಅಪಾರ್ಟ್‌ಮೆಂಟು, ಮಠಗಳಿಗೆ ಕಲ್ಯಾಣಮಂಟಪ, ಸರ್ಕಾರಕ್ಕೆ ಮೇಲ್ಸೇತುವೆ, ಎಲ್ಲವನ್ನೂ ಕಟ್ಟುವುದಕ್ಕೆ ಮೊದಲೇ ಮೇಜಿನಗಲ ಮಾಡಿಕೊಡುತ್ತಾನೆ. ಅವುಗಳಲ್ಲಿ ಅರ್ಧಕ್ಕರ್ಧ ಆಮೇಲೆ ಕಟ್ಟಿದ್ದೇ ಇಲ್ಲ, ಆ ಮಾತು ಬೇರೆ. ಈ ಸಲ ಬಂದದ್ದು ಒಂದು ಬಂದರು. ಕರಾವಳಿಯಲ್ಲಿ ಹೊಸದಾಗಿ ಆಗಬೇಕಾದ, ಆಳ ನೀರಿನ ದೊಡ್ಡ ಬಂದರು.

ಹೋದ ವರ್ಷ ಅವನ ತಮ್ಮ ನಿತೀಶ್ ಮುಳುಗಿದ್ದು ಅದೇ ನೀರಿನಲ್ಲಿ. ಡಿಪ್ಲೊಮಾ ಮುಗಿಸಿ ಸರ್ವೆ ಕಂಪನಿ ಸೇರಿದ್ದ. ಬಂದರಿಗಾಗಿ ಸಮುದ್ರದ ಆಳ ಅಳೆಯಲು ಹೋದ ದೋಣಿ ಮಗುಚಿತು. ಜೊತೆಗಿದ್ದ ಮೀನುಗಾರರು ಈಜಿ ದಡ ಸೇರಿದರು. ಸ್ಯಾಂಕಿ ಕೆರೆ ಏರಿಯ ಮೇಲೆ ನಡೆದಾಡಿದ್ದು ಬಿಟ್ಟರೆ ನೀರಿನ ಸಹವಾಸವೇ ಇಲ್ಲದ ಹುಡುಗ ಬರಲಿಲ್ಲ. ಹೆಣವೂ ಸಿಗಲಿಲ್ಲ.

ಅವರಲ್ಲಿ ಸತ್ತವರನ್ನು ಹೂಳುವುದು ಪದ್ಧತಿ. ಹೂತ ಗುದ್ದಿನ ಮುಂದೆ ನಿಂತು ಮಾಡುವ ಕಾರ್ಯ, ಗುದ್ದೇ ಇಲ್ಲದೆ ಮಾಡುವುದು ಹೇಗೆ ಎಂದು ತಾಯಿ ಸಿದ್ದಮ್ಮ ಪಟ್ಟು ಹಿಡಿದಳು. ನೆಂಟರಿಷ್ಟರು ಹೇಳಿ ಹೇಳಿ ಸೋತರು. ನಿತೀಶನ ಫೋಟೊಗೆ ಹಾರ ಬೀಳಲಿಲ್ಲ, ಅವನ ಬಟ್ಟೆ ಬೀರುವಿನಿಂದ ಇಳಿಯಲಿಲ್ಲ. ಯಾರಾದರೂ ಕೇಳಿದರೆ ಮುತ್ತುರಾಜ “ಇನ್ನೂ ಸಿಕ್ಕಿಲ್ಲ” ಎನ್ನುತ್ತಿದ್ದ. ಅವನಿಗೂ ಅಳು ಬಂದಿರಲಿಲ್ಲ. ತಾಯಿ ಹೂಂ ಎನ್ನುವ ತನಕ ಅಳುವುದಕ್ಕೂ ತನಗೆ ಹಕ್ಕಿಲ್ಲ ಎಂಬಂತೆ ಒಳಗೆಲ್ಲ ಮರಗಟ್ಟಿ ಹೋಗಿತ್ತು. ಬಂದರಿನ ನಕ್ಷೆ ಬಿಚ್ಚಿದಾಗಲೂ ಏನೂ ಅನ್ನಿಸಲಿಲ್ಲ. ಎಂದಿನಂತೆ ಅಳತೆ ಹಾಕಿ ಅಕ್ರಿಲಿಕ್ ಕತ್ತರಿಸಲು ಕೂತ.

ವಿಚಿತ್ರವೆಂದರೆ ಸಿದ್ದಮ್ಮನಿಗೆ ಆ ಬಂದರು ಬೇಕಾಗಿತ್ತು. ಮೀನುಗಾರರು ಬೇಡವೆಂದು ದಡದಲ್ಲಿ ಧರಣಿ ಕೂತದ್ದು ಟೀವಿಯಲ್ಲಿ ಬಂದರೆ ಮುಖ ತಿರುಗಿಸುವಳು. “ಬೇಗ ಕಟ್ಬಾರ್ದಾ?” ಎಂದು ಗೊಣಗುವಳು. ಮಗನನ್ನು ನುಂಗಿದ ಜಾಗದ ಮೇಲೆ ಇವಳಿಗೇಕಪ್ಪ ಈ ಮೋಹ ಎಂದು ಮುತ್ತುರಾಜನಿಗೆ ಅರ್ಥವಾಗಿರಲಿಲ್ಲ.

ಅರ್ಥವಾದದ್ದು ಯೋಜನೆಯ ಇಂಜಿನಿಯರ್ ವಾಣಿ ಮಾಡೆಲ್ ನೋಡಲು ಬಂದ ದಿನ. ಸಿದ್ದಮ್ಮ ಕಾಫಿ ತಂದುಕೊಟ್ಟವಳು ಒಳಗೆ ಹೋಗದೆ ಅಲ್ಲೇ ನಿಂತಳು.

“ಇಷ್ಟು ದೊಡ್ಡದು ಯಾಕೆ ತಾಯಿ? ಇರೋ ಬಂದರು ಸಾಲ್ದಾ?”

“ಇರೋವು ಹಳೇವು ಅಮ್ಮ. ವರ್ಷಾ ವರ್ಷ ಹೂಳು ತುಂಬುತ್ತೆ, ತೆಗೆಯೋದೇ ಕೆಲಸ. ದೊಡ್ಡ ಹಡಗು ಒಳಗೆ ಬರಲ್ಲ. ನಮ್ಮ ಸಾಮಾನು ಸಣ್ಣ ಹಡಗಲ್ಲಿ ಕೊಲಂಬೊಗೆ ಹೋಗಿ, ಅಲ್ಲಿ ದೊಡ್ಡ ಹಡಗು ಹತ್ತುತ್ತೆ. ಅದಕ್ಕೇ ಇಲ್ಲಿ ಆಳ ಜಾಸ್ತಿ ಬೇಕು.”

“ಅಷ್ಟು ಆಳ ಅಲ್ಲಿ ಐತಾ?”

“ಇಲ್ಲ, ತೋಡ್ಬೇಕು.”

“ತೋಡಿದಾಗ ತಳದಲ್ಲಿರೋದೆಲ್ಲ ಸಿಗುತ್ತಾ?”

“ಹಳೇ ಲಂಗರು, ಬಲೆ ಎಲ್ಲಾ ಸಿಗುತ್ತಂತೆ” ಎಂದು ವಾಣಿ ನಕ್ಕಳು.

“ಮನುಷ್ಯರು?”

ವಾಣಿಯ ನಗು ನಿಂತಿತು. ಕೈಯಲ್ಲಿದ್ದ ಪುಟ್ಟ ಕ್ರೇನನ್ನು ಮುತ್ತುರಾಜ ಮೇಜಿನ ಮೇಲಿಟ್ಟ. “ನನ್ನ ತಮ್ಮ ಮೇಡಂ. ಸರ್ವೆ ದೋಣೀಲಿದ್ದ. ಇನ್ನೂ ಸಿಕ್ಕಿಲ್ಲ.”

ಬೇರೆಯವರಾಗಿದ್ದರೆ ಏನೋ ಒಂದು ಸಮಾಧಾನ ಹೇಳಿ ಜಾರಿಕೊಳ್ಳುತ್ತಿದ್ದರು. ವಾಣಿ ಹಾಗೆ ಮಾಡಲಿಲ್ಲ. “ಸಿಗಲ್ಲಮ್ಮ” ಎಂದಳು. “ಮೆಷಿನ್ನು ಮಣ್ಣು, ನೀರು ಎಲ್ಲಾ ಒಟ್ಟಿಗೆ ಹೀರ್ಕೊಳ್ಳುತ್ತೆ. ನಿಂತು ನೋಡೋರು ಯಾರೂ ಇರಲ್ಲ.”

“ಹೀರಿದ ಮಣ್ಣು ಏನ್ ಮಾಡ್ತಾರೆ?”

ಹಡಗುಕಟ್ಟೆಯ ಹಿಂದೆ ಮುತ್ತುರಾಜ ಬೂದು ಬಣ್ಣ ಬಳಿದಿದ್ದ ಬಯಲನ್ನು ವಾಣಿ ತೋರಿಸಿದಳು. “ಇದೂ ಈಗ ಸಮುದ್ರಾನೇ. ಆ ಮಣ್ಣನ್ನ ಇಲ್ಲಿ ತುಂಬಿ ನೆಲ ಮಾಡ್ತಾರೆ. ಮೇಲೆ ಕಂಟೇನರ್ ಇಡ್ತಾರೆ.”

ಸಿದ್ದಮ್ಮ ಆ ಬೂದು ಬಯಲನ್ನು ಬಹಳ ಹೊತ್ತು ನೋಡಿದಳು. “ಹಂಗಾದ್ರೆ ಮಣ್ಣಿಗೇ ಸೇರ್ತಾನೆ” ಎಂದಳು. ಲೋಟ ತೆಗೆದುಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಮಾಡೆಲ್ ಒಯ್ಯಲು ಟೆಂಪೊ ಬಂತು. ಮುತ್ತುರಾಜ ಪ್ಯಾಕ್ ಮಾಡಲು ಥರ್ಮಾಕೋಲ್ ಜೋಡಿಸುತ್ತಿದ್ದಾಗ ಸಿದ್ದಮ್ಮ ತಲೆಗೆ ಸ್ನಾನ ಮಾಡಿ ಬಂದಳು. ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಗರಿಕೆ. ಚೊಂಬಿನಲ್ಲಿ ಹಾಲು, ಮೇಲೆ ತೇಲುವ ತುಪ್ಪ. ಮೂರನೇ ದಿನ ಗುದ್ದಿನ ಮೇಲೆ ಬಿಡಬೇಕಾದ ಹಾಲುತುಪ್ಪ.

“ಅಮ್ಮ, ಪೇಂಟ್ ಹಾಳಾಗುತ್ತೆ.” ಅವನ ಬಾಯಿಂದ ಹೊರಟದ್ದು ಇಷ್ಟೇ. ಹೊರಟ ಮೇಲೆ ನಾಚಿಕೆಯಾಯಿತು.

“ಆಗ್ಲಿ” ಎಂದು ಅವಳು ಗರಿಕೆಯನ್ನು ಅದ್ದಿ ಬೂದು ಬಯಲಿನ ಮೇಲೆ ಮೂರು ಸಲ ಹಾಲು ಬಿಟ್ಟಳು. ಹಾಲು ಕಂಟೇನರುಗಳ ಸಂದಿಯಲ್ಲಿ ಹರಿದು ಕ್ರೇನುಗಳ ಬುಡದಲ್ಲಿ ನಿಂತಿತು. “ಕಂದಾ, ಇನ್ನು ಹುಡುಕಲ್ಲ ಕಣೋ” ಎಂದಳು. ಗರಿಕೆಯನ್ನು ಮುತ್ತುರಾಜನ ಕೈಗೆ ಕೊಟ್ಟಳು. “ನೀನೂ ಬಿಡಪ್ಪ. ಅಣ್ಣ ಅಲ್ವಾ.”

ಅವನು ಬಿಟ್ಟ. ಬಣ್ಣ ಬಳಿಯುವಾಗ ಇರುವಂತೆಯೇ ಕೈ ನೆಟ್ಟಗಿತ್ತು. ಅಳು ಈಗಲೂ ಬರಲಿಲ್ಲ. ಆದರೆ ಗರಿಕೆಯನ್ನು ಕೆಳಗಿಡದೆ ಮೇಜಿನ ಅಂಚು ಹಿಡಿದು ನಿಂತ.

ಟೆಂಪೊ ಡ್ರೈವರ್ ಬಾಗಿಲಲ್ಲಿ ಇಣುಕಿದ. “ಲೋಡ್ ಮಾಡೋದಾ ಸಾರ್? ಲೇಟಾಗ್ತಿದೆ.”

“ಸ್ವಲ್ಪ ಇರಿ” ಎಂದ ಮುತ್ತುರಾಜ. “ನನ್ನ ತಮ್ಮ ತೀರ್ಕೊಂಡಿದಾನೆ.”

ಡ್ರೈವರ್ ಹೋಗಿ ಇಂಜಿನ್ ಆರಿಸಿದ.