ಕಾರ್ಡಿಗೆ ಇನ್ನೊಂದು ಹೆಸರು

ಊರಿಗಾಂ ರೈಲ್ವೆ ಗೇಟು ಹಾಕಿತ್ತು. ಸ್ಕೂಟರ್ ನಿಲ್ಲುತ್ತಿದ್ದಂತೆ ಶಶಿರೇಖಳ ಬ್ಯಾಗಿನೊಳಗೆ ಫೋನು ಮತ್ತೆ ಬಡಿದುಕೊಳ್ಳತೊಡಗಿತು. ಅವಳು ನಂಬರು ನೋಡಿ ಕತ್ತರಿಸಿದಳು.

"ಯಾರದು?" ಮುಂದೆ ಕೂತಿದ್ದ ವೇಣುಗೋಪಾಲ್ ತಿರುಗದೆಯೇ ಕೇಳಿದ.

"ಯಾರೋ ಬ್ಯಾಂಕಿನೋರು. ಸಾಲ ಬೇಕಾ ಅಂತ."

"ಬೆಳಗ್ಗೆ ಬೆಳಗ್ಗೇನೇ ಸುರು ಅಚ್ಕೊಂಡ್ರಾ."

ಸಾಲದ ಮಾತು ಸುಳ್ಳು. ಬ್ಯಾಂಕಿನವರು ಹೇಳುತ್ತಿದ್ದುದು ಅವಳ ಕ್ರೆಡಿಟ್ ಕಾರ್ಡಿನ ವಿಷಯ. ಈಗಿರುವುದರ ಬದಲು ಇನ್ನೂ ಮೇಲಿನ ದರ್ಜೆಯ ಕಾರ್ಡು ಕೊಡುತ್ತೇವೆ, ಒಪ್ಪಿಗೆ ಎಂದರೆ ಸಾಕು ಎಂದು ವಾರದಿಂದ ಮೆಸೇಜುಗಳೂ ಬರುತ್ತಿದ್ದವು. ಶಶಿರೇಖ ಒಂದೊಂದನ್ನೂ ಓದಿ ಅಳಿಸುತ್ತಿದ್ದಳು.

ಬಂಗಾರಪೇಟೆಯ ಖಾಸಗಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಆಂಡರ್ಸನ್‌ಪೇಟೆಯ ಬಾಡಿಗೆ ಮನೆಯಿಂದ ದಿನಾ ಗಂಡನೇ ಬಿಟ್ಟು ಕರೆತರುತ್ತಿದ್ದ. ವೇಣುಗೋಪಾಲ್ ಕೆಜಿಎಫ್‌ನ ಕಾರ್ಖಾನೆಯಲ್ಲಿ ಗುತ್ತಿಗೆಯ ಫಿಟ್ಟರ್ ಆಗಿದ್ದವನು. ಹೋದ ಯುಗಾದಿಯ ಹೊತ್ತಿಗೆ ಗುತ್ತಿಗೆದಾರ ಬದಲಾದ. ಹೊಸಬ ಹಳಬರನ್ನು ಕರೆಯಲಿಲ್ಲ. ಆಮೇಲೆ ಮನೆ ಅವನ ಕೈಗೆ ಬಂತು. ಸಾರು ಮಾಡುವುದನ್ನು ಕಲಿತ. ಅವಳ ಬಿಳಿ ಕೋಟು ಬಿಸಿಲಿಗೆ ಹಳದಿಯಾಗದಂತೆ ಒಳಮೈ ತಿರುಗಿಸಿ ಒಣಹಾಕುವಷ್ಟು ಕಲಿತ. ಅದೇ ದಿನಗಳಲ್ಲಿ ಶಶಿರೇಖಳನ್ನು ಲ್ಯಾಬಿನ ಇನ್‌ಚಾರ್ಜ್ ಮಾಡಿದರು. ಆ ಸುದ್ದಿ ಹೇಳಿದ್ದಳು. ಸಂಬಳ ಎಷ್ಟು ಏರಿತು ಎಂದು ಅವನು ಕೇಳಿದಾಗ ಮಾತ್ರ "ಏನೋ, ಸ್ವಲ್ಪ" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಿದ್ದಳು.

ಅಂಗಡಿಗೆ ಹೋಗುವ ಮುಂಚೆ ತನ್ನ ಕಾರ್ಡನ್ನು ಮೆಲ್ಲಗೆ ಅವನ ಅಂಗಿಯ ಜೇಬಿಗೆ ಇಳಿಬಿಡುವುದು ಅವಳ ರೂಢಿಯಾಗಿತ್ತು. ಕೊಡುವ ಕೈ ಅವನದೇ ಇರಲಿ ಎಂದು. ಒಮ್ಮೆ ಬಟ್ಟೆ ಅಂಗಡಿಯ ಕೌಂಟರಿನವನು ಕಾರ್ಡು ತಿರುಗಿಸಿ ನೋಡಿ, "ಶಶಿರೇಖ ಯಾರು ಸಾರ್? ಅವರನ್ನೇ ಕರೀರಿ" ಎಂದು ಎಲ್ಲರಿಗೂ ಕೇಳುವಂತೆ ಅಂದಿದ್ದ. ವೇಣುಗೋಪಾಲ್ ಪಕ್ಕಕ್ಕೆ ಸರಿದು ನಿಂತಿದ್ದ. ಆ ಮುಖ ಅವಳ ಕಣ್ಣಿನಿಂದ ಹೋಗಿರಲಿಲ್ಲ.

ರೈಲ್ವೆ ಗೇಟಿನಲ್ಲಿದ್ದಾಗ ಬ್ಯಾಂಕಿನಿಂದ ಫೋನ್ ಮಾಡಿದ್ದವಳು ಆವತ್ತು ತಾನಾಗಿಯೇ ಲ್ಯಾಬಿಗೆ ಬಂದಳು. ಬ್ಯಾಂಕಿನ ಬಂಗಾರಪೇಟೆ ಶಾಖೆಯಲ್ಲಿ ಕಾರ್ಡುಗಳನ್ನು ನೋಡಿಕೊಳ್ಳುವ ಪುಷ್ಪ. ಸಕ್ಕರೆ ಪರೀಕ್ಷೆಗೆಂದು ತೋಳು ಚಾಚಿ ಕೂತವಳು ಗೋಡೆಯ ಮೇಲಿನ ಹೆಸರು ಓದಿ ನಕ್ಕಳು.

"ನೀವೇನಾ ಮೇಡಂ? ನಿಮಗೆ ಫೋನ್ ಮಾಡಿ ಮಾಡಿ ಸಾಕಾಯ್ತು ನಂಗೆ."

"ಕೈ ಅಲ್ಲಾಡಿಸ್ಬೇಡಿ."

"ಒಳ್ಳೇ ಆಫರ್ ಮೇಡಂ. ವಿಮಾನ ನಿಲ್ದಾಣದಲ್ಲಿ ಒಳಗೆ ಕೂತು ಊಟ ಮಾಡ್ಬಹುದು. ಮನೆಯೋರಿಗೆ ಅವರ ಹೆಸರಲ್ಲೇ ಇನ್ನೊಂದು ಕಾರ್ಡು, ಆಡ್-ಆನ್ ಅಂತ, ಫ್ರೀ."

"ಈಗ ಬೇಡ ಪುಷ್ಪ," ಎಂದು ಶಶಿರೇಖ ಹತ್ತಿಯನ್ನು ಒತ್ತಿ ಹಿಡಿದಳು. ದೊಡ್ಡ ಕಾರ್ಡು ಮನೆಗೆ ಬಂದರೆ ಯಾಕೆ ಬಂತು ಎಂಬ ಮಾತೂ ಬರುತ್ತದೆ. ಅದರ ಜೊತೆಗೆ 'ಆಡ್-ಆನ್' ಎಂದು ಗಂಡನ ಕೈಗೆ ಇನ್ನೊಂದನ್ನು ಹೇಗೆ ಕೊಡುವುದು?

ಗುರುವಾರ ಅವಳಿಗೆ ರಜೆ. ತಲೆಗೆ ಸ್ನಾನ ಮಾಡಿ ಬಚ್ಚಲಿನ ಚಿಲಕ ತೆಗೆಯುವಾಗ ಅಡುಗೆಮನೆಯಿಂದ ಹೆಂಗಸಿನ ದನಿ ಕೇಳಿತು. ವೇಣುಗೋಪಾಲ್ ಮುದ್ದೆ ತಿರುವುತ್ತಿದ್ದ. ಕೈಯೆಲ್ಲ ರಾಗಿ ಹಿಟ್ಟಾದ್ದರಿಂದ ಅವಳ ಫೋನನ್ನು ಶೆಲ್ಫಿನ ಮೇಲೇ ಬಿಟ್ಟು ಸ್ಪೀಕರ್ ಹಾಕಿದ್ದ. ಪುಷ್ಪಳ ದನಿ.

"ಮೇಡಂ ಸಂಬಳ ಜಾಸ್ತಿ ಆಗಿರೋದ್ರಿಂದಲೇ ಸಾರ್ ಈ ಕಾರ್ಡು ಬಂದಿರೋದು. ಎಲ್ಲರಿಗೂ ಸಿಗಲ್ಲ. ನಿಮ್ಮ ಹೆಸರಲ್ಲೂ ಒಂದು ಮಾಡಿಸ್ಕೊಳ್ಳಿ. ನಿಮ್ಮ ಉದ್ಯೋಗ ಏನು ಸಾರ್?"

"ನಂದಾ?" ಅವನು ಮುದ್ದೆಕೋಲು ಬಿಟ್ಟು ನಿಂತ. "ನಾನು ಈಗ ಮನೇಲೇ ಇವ್ನಿ."

"ಹೋಂ ಮೇಕರ್ ಅಂತ ಹಾಕ್ಕೊಳ್ಳಾ ಸಾರ್? ಸಾಮಾನ್ಯವಾಗಿ ಲೇಡೀಸ್‌ಗೆ ಹಾಕೋದು. ಬೇರೆ ಏನಾದ್ರೂ ಇದ್ರೆ ಹೇಳಿ, ಬರ್ಕೋತೀನಿ."

"ಅವಳನ್ನ ಕೇಳ್ಬುಟ್ಟು ಏಳ್ತೀನಮ್ಮ. ಒಂದ್ ಗಳಿಗೆ ಬಿಟ್ಟು ಮಾಡು."

ಶಶಿರೇಖ ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ಬಾಗಿಲಲ್ಲಿ ನಿಂತಳು. ಅವನು ಅವಳನ್ನು ನೋಡಿದರೂ ಕೆಲಸ ಬಿಡಲಿಲ್ಲ. ಮುದ್ದೆ ಕಟ್ಟಿ, ತಟ್ಟೆಗಿಟ್ಟು, ಕೈ ತೊಳೆದುಕೊಂಡ.

"ಸಾಲ ಅಂದಿದ್ದೆ ನೀನು," ಎಂದ.

"ಹೂಂ."

"ಕೆಲ್ಸ ಓದ್ರೆ ಓಯ್ತು ಬುಡು, ಇನ್ನೆಲ್ಲಾದ್ರೂ ಸಿಕ್ತದೆ. ನೀನು ಮೇಲಕ್ಕೆ ಓಗಿದ್ದನ್ನ ನಂಗೆ ಬ್ಯಾಂಕಿನೋರು ಏಳ್ಬೇಕಾ ಶಶಿ?"

"ಆವತ್ತು ಬಟ್ಟೆ ಅಂಗಡೀಲಿ ನಿಮ್ಮ ಮುಖ ನೋಡಿದ್ದೆ ರೀ. ಕಾರ್ಡಲ್ಲಿ ನನ್ನ ಹೆಸರು ಓದಿದಾಗ. ಮತ್ತೆ ಹಾಗಾಗೋದು ಬೇಡ ಅಂತ."

"ಯಾವಾಗ?" ಅವನು ನೆನಪು ಮಾಡಿಕೊಂಡ. "ಓ, ಅದಾ." ಟವೆಲಿನಿಂದ ಜಾರಿ ಅವಳ ಹೆಗಲಿಗೆ ನೀರು ತೊಟ್ಟಿಕ್ಕುತ್ತಿದ್ದ ಕೂದಲನ್ನು ನೋಡುತ್ತಾ ಹೇಳಿದ: "ನಿನ್ನ ಎಸ್ರು ಓದಿದ್ದಕ್ಕೆ ನಂಗ್ಯಾಕೆ ನಾಚ್ಕೆ ಆಗ್ತದೆ? ನೀನು ಕದ್ದು ಕದ್ದು ಜೇಬಿಗೆ ಆಕ್ತೀಯಲ್ಲ, ಅದಕ್ಕೆ ಆಗೋದು. ಮಗೀನ ಜೇಬಿಗೆ ಕಾಸು ಆಕ್ದಂಗೆ."

ತಾನು ಯಾಕೆ ಹಾಗೆ ಮಾಡುತ್ತೇನೆಂಬುದು ಅವನಿಗೆ ತಿಳಿದಿಲ್ಲ ಎಂದೇ ಅವಳು ಅಷ್ಟು ದಿನವೂ ಅಂದುಕೊಂಡಿದ್ದಳು. ಅವನಿಗೆ ಗೊತ್ತಿತ್ತು, ಅವಳಿಗೆ ಬೇಜಾರಾದೀತೆಂದು ಸುಮ್ಮನಿದ್ದ. ಮುದ್ದೆಯ ಹಬೆ ಇಬ್ಬರ ನಡುವೆ ಏಳುತ್ತಿತ್ತು. ಅವಳು ಮುಂದೆ ಬಂದು, ಸಂಬಳ ಎಷ್ಟಾಗಿದೆಯೆಂದು ಅವನ ಕಿವಿಯಲ್ಲಿ ಹೇಳಿದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಕಿವಿಯಲ್ಲೇ ಹೇಳಿದಳು.

"ಅಷ್ಟಾ?" ಅವನ ಹುಬ್ಬು ಮೇಲೇರಿತು. "ಅಂಗಾದ್ರೆ ಇವತ್ತು ತುಪ್ಪ ಜಾಸ್ತಿ ಆಕ್ಬೋದು."

ಉಣ್ಣುತ್ತಿರುವಾಗಲೇ ಪುಷ್ಪಳ ಫೋನು ಬಂತು. ಶಶಿರೇಖ ಎಡಗೈಯಲ್ಲಿ ಅದನ್ನು ಒತ್ತಿ ಇಬ್ಬರ ತಟ್ಟೆಗಳ ನಡುವೆ ಇಟ್ಟಳು.

"ಪುಷ್ಪ, ದೊಡ್ಡ ಕಾರ್ಡು ಬೇಡಮ್ಮ. ವರ್ಷ ವರ್ಷ ಅದಕ್ಕೆ ಶುಲ್ಕ ಕಟ್ಬೇಕು, ವಿಮಾನ ನಿಲ್ದಾಣಕ್ಕೆ ನಾವು ಹೋಗೋದೂ ಇಲ್ಲ. ಈಗಿರೋ ಕಾರ್ಡಿಗೇ ನಮ್ಮ ಮನೆಯೋರ ಹೆಸರಲ್ಲಿ ಇನ್ನೊಂದು ಕೊಡೋಕಾಗುತ್ತಾ?"

"ಅದಕ್ಕೂ ಆಗುತ್ತೆ ಮೇಡಂ. ಆದ್ರೆ ಈ ಆಫರ್ ಮತ್ತೆ ಬರುತ್ತೆ ಅಂತ ಹೇಳೋಕಾಗಲ್ಲ."

"ಬರದಿದ್ರೂ ಪರವಾಗಿಲ್ಲ."

"ಸರಿ. ಸಾರ್ ಉದ್ಯೋಗ ಏನಂತ ಹಾಕ್ಲಿ?"

ಶಶಿರೇಖ ಗಂಡನ ಕಡೆ ನೋಡಿದಳು. ಫಿಟ್ಟರ್ ಎಂದು ಹೇಳಿಬಿಡೋಣ ಎಂದು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಅವನೇ ಫೋನಿನತ್ತ ಬಾಗಿದ.

"ಆಗ್ಲೇ ನೀನೇ ಅಂದ್ಯಲ್ಲಮ್ಮ, ಮನೆ ನೋಡ್ಕೊಳ್ಳೋದು ಅಂತ. ಅದ್ನೇ ಆಕ್ಕೋ. ಎಸ್ರು ಮಾತ್ರ ಪೂರ್ತಿ ಬರಿ. ಬರೀ ವೇಣು ಅಂತ ಆಕ್ಬೇಡ."

ಕಾರ್ಡು ಬಂದ ವಾರ, ಸಂಜೆ ಆಸ್ಪತ್ರೆಯ ಗೇಟಿನಿಂದ ಹೊರಟ ಸ್ಕೂಟರ್ ಕೆಜಿಎಫ್ ಕಡೆ ತಿರುಗದೆ ಬಂಗಾರಪೇಟೆಯ ಬಜಾರಿನೊಳಕ್ಕೆ ಹೋಯಿತು. ಎಲ್ಲಿಗೆ ಎಂದು ಕೇಳಿದರೆ ಅವನು ಹೇಳಲಿಲ್ಲ. ಸೆಲ್ವರಾಜ್ ಎಂಬವನ ಚಪ್ಪಲಿ ಅಂಗಡಿಯ ಮುಂದೆ ನಿಲ್ಲಿಸಿ, ಅವನೊಂದಿಗೆ ತಮಿಳಿನಲ್ಲಿ ಏನೋ ಮಾತಾಡಿದ. ಸೆಲ್ವರಾಜ್ ಅಟ್ಟದ ಮೇಲಿಂದ ಮೆತ್ತನೆ ಅಡಿಯ ಜೋಡುಗಳನ್ನು ಇಳಿಸಿದ.

"ದಿನಾ ನಿಂತ್ಕೊಂಡೇ ಕೆಲ್ಸ ಇವರ್ದು," ವೇಣುಗೋಪಾಲ್ ಈಗ ಕನ್ನಡದಲ್ಲೇ ಹೇಳಿದ. "ಸಂಜೆಗೆ ಇಮ್ಮಡಿ ಊದ್ಕೊಂಡಿರ್ತದೆ. ಅಂತದ್ಕೆ ಆಗೋದು ಕೊಡಪ್ಪ."

ತನ್ನ ಹಿಮ್ಮಡಿಯನ್ನು ಇವನು ಯಾವಾಗ ನೋಡಿದ ಎಂದು ಶಶಿರೇಖ ಯೋಚಿಸುತ್ತಿರುವಾಗಲೇ, ಅವನು ಹೊಸ ಕಾರ್ಡನ್ನು ಕೌಂಟರಿನ ಮೇಲಿಟ್ಟು ನೆಲಕ್ಕೆ ಕುಕ್ಕರಗಾಲಲ್ಲಿ ಕೂತ. ಬಾಗಿಲಲ್ಲಿ ಜನ ಓಡಾಡುತ್ತಿದ್ದರು. ಅವಳು "ಬಿಡಿ, ನಾನೇ ಹಾಕ್ಕೋತೀನಿ" ಎಂದು ಮೆಲ್ಲಗೆ ಅಂದಳು. ಅವನಾಗಲೇ ಪಟ್ಟಿ ಹಾಕುತ್ತಿದ್ದ.

"ಬಿಗಿ ಆಯ್ತಾ?"

ಒಂಟಿಕಾಲಲ್ಲಿ ನಿಂತಿದ್ದ ಅವಳು ಆಯ ತಪ್ಪದಿರಲೆಂದು ಅವನ ಭುಜದ ಮೇಲೆ ಕೈಯಿಟ್ಟಳು.

"ಒಂದು ತೂತು ಸಡಿಲ ಮಾಡಿ," ಎಂದಳು.